ಬೋಣಿಯ ಕೈ

ಇದರಲ್ಲಿ ಯಾರ ಹೆಸರೂ ಬರುವುದಿಲ್ಲ. ಹೆಸರು ಬರೆಯುವುದೇ ನನ್ನ ಕೆಲಸವಾಗಿತ್ತು, ಬರೆದು ಬರೆದು ಸಾಕಾಗಿದೆ. ಹೊಸಕೋಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಸ್ಟೀಲ್ ಪಾತ್ರೆ ಅಂಗಡಿ ಇತ್ತು. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಡುವವರು ಪಾತ್ರೆ ಕೊಂಡು ಅದರ ಮೇಲೆ ತಮ್ಮ ಹೆಸರು ಹಾಕಿಸಿಕೊಂಡು ಹೋಗುತ್ತಿದ್ದರು. ಹಾಕುತ್ತಿದ್ದವಳು ನಾನು. ದಪ್ಪ ಪೆನ್ನಿನಂಥ ಒಂದು ಮೆಷಿನ್. ಕರೆಂಟ್ ಕೊಟ್ಟರೆ ಜೀರ್ ಎಂದು ಕೈಯಲ್ಲಿ ನಡುಗುತ್ತದೆ. ಕೊಡುವುದು ಅಂಗೈಯಗಲದ ಒಂದು ಬಟ್ಟಲು, ಆದರೆ ಅದರ ಮೇಲೆ ಗಂಡ, ಹೆಂಡತಿ, ಮಕ್ಕಳು, ಊರು, ಹೋಬಳಿ ಎಲ್ಲಾ ಬರಬೇಕು. ಜಾಗ ಇಲ್ಲ ಎಂದರೆ ಜಗಳಕ್ಕೇ ಬರುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ, ಒಂದು ಕೊಡ ತೆಗೆದುಕೊಳ್ಳಿ, ವಂಶವೃಕ್ಷವನ್ನೇ ಬರೆದುಕೊಡುತ್ತೇನೆ ಎನ್ನುತ್ತಿದ್ದೆ. ಗಲ್ಲಾದಲ್ಲಿ ಕೂತ ನಮ್ಮ ಮನೆಯವರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಹಾಗೆ ನಕ್ಕುಕೊಂಡೇ ಅವರು ನನ್ನ ಬಾಯಿಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಾರೆ.

ಅವರ ಕೈಗುಣದ ಮೇಲೆ ನಮ್ಮ ಬೀದಿಯವರಿಗೆಲ್ಲ ನಂಬಿಕೆ. ದಿನದ ಮೊದಲ ವ್ಯಾಪಾರವನ್ನು ಬೋಣಿ ಎನ್ನುತ್ತೇವೆ. ಅದು ಯಾರ ಕೈಯಿಂದ ಆಗುತ್ತದೋ ಇಡೀ ದಿನ ಹಾಗೆ ನಡೆಯುತ್ತದೆ ಎಂಬುದು ಅಂಗಡಿ ಇಟ್ಟವರೆಲ್ಲರ ಲೆಕ್ಕ. ನಮ್ಮವರು ಬೋಣಿ ಮಾಡಿದ ದಿನ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಎಂದು ಹೂವಿನ ಅಜ್ಜಿ ಯಾವತ್ತೋ ಹೇಳಿದ್ದಳು. ಅದು ಬಾಯಿಂದ ಬಾಯಿಗೆ ಹೋಯಿತು. ಅವರು ಶಟರ್ ಎತ್ತುವ ಹೊತ್ತಿಗೆ ಹೂವಿನ ಅಜ್ಜಿ, ನಿಂಬೆಹಣ್ಣಿನವನು, ಸೊಪ್ಪಿನವಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು. ನಮ್ಮವರು ಒಂದು ಮೊಳ ಹೂವು, ಎರಡು ನಿಂಬೆಹಣ್ಣು, ಒಂದು ಕಟ್ಟು ಸೊಪ್ಪು ಕೊಳ್ಳುತ್ತಿದ್ದರು. ಮಾರಿದವರು ದುಡ್ಡನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ನಿಂಬೆಹಣ್ಣು ಒಣಗಿ ಗೋಲಿಯಾಗುತ್ತಿತ್ತು, ದಿನಾ ಸೊಪ್ಪಿನ ಸಾರು ಕುದಿಯುತ್ತಿತ್ತು. ನಾನು ರೇಗಿದರೆ, ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರುವುದಿಲ್ಲ ಎನ್ನುತ್ತಿದ್ದರು.

ಅವರಿಗೆ ಹೆಮ್ಮೆಪಡಲು ಬೇರೇನೂ ಇರಲಿಲ್ಲ. ಓದು ಹತ್ತಲಿಲ್ಲ, ಅಣ್ಣತಮ್ಮಂದಿರಷ್ಟು ಬೆಳೆಯಲಿಲ್ಲ, ನಮಗೆ ಮಕ್ಕಳಾಗಲಿಲ್ಲ. ನೆಂಟರ ಮನೆಯಲ್ಲಿ ಮೂಲೆಯ ಕುರ್ಚಿ ಹುಡುಕಿಕೊಂಡು ಕೂರುವ ಮನುಷ್ಯ ಬೆಳಿಗ್ಗೆ ಆ ಬೀದಿಯಲ್ಲಿ ಮಾತ್ರ ಎದೆ ಸೆಟೆಸಿ ನಿಲ್ಲುತ್ತಿದ್ದರು. ನಾನು ಎಷ್ಟೇ ಬೈದರೂ ಆ ಒಂದನ್ನು ಅವರಿಂದ ಕಿತ್ತುಕೊಳ್ಳುವ ಮನಸ್ಸು ನನಗೆ ಬಂದಿರಲಿಲ್ಲ.

ಒಂದು ಆಷಾಢದಲ್ಲಿ, ಮದುವೆಗಳಿಲ್ಲದೆ ವ್ಯಾಪಾರ ತಣ್ಣಗಿದ್ದಾಗ, ಕಟ್ಟಡದ ಓನರ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ವಯಸ್ಸಾದವರು, ಬಾಡಿಗೆಗೆ ಒಂದು ದಿನವೂ ಪೀಡಿಸಿದವರಲ್ಲ. ಮಕ್ಕಳು ಭಾಗ ಕೇಳುತ್ತಿದ್ದಾರೆ, ಮಳಿಗೆಗಳನ್ನು ಒಂದೊಂದಾಗಿ ಮಾರುತ್ತೇವೆ, ಇದನ್ನು ನೀವೇ ತೆಗೆದುಕೊಳ್ಳಿ ಎಂದರು. ಬೇರೆಯವರು ಆಗಲೇ ಕೇಳಿಕೊಂಡು ಬಂದಿದ್ದರಂತೆ. ಆದರೂ ಯುಗಾದಿಯವರೆಗೆ ಯಾರಿಗೂ ಕೊಡುವುದಿಲ್ಲ ಎಂದು ಮಕ್ಕಳ ಹತ್ತಿರ ಮಾತು ತೆಗೆದುಕೊಂಡಿದ್ದರು. ಅದಕ್ಕಿಂತ ಹೆಚ್ಚು ತಡೆಯುವುದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದರು.

ನಮ್ಮ ಹತ್ತಿರ ಸ್ವಲ್ಪ ಇತ್ತು, ನನ್ನ ಮೈಮೇಲೆ ಸ್ವಲ್ಪ ಇತ್ತು, ಉಳಿದದ್ದಕ್ಕೆ ಬ್ಯಾಂಕ್ ಲೋನ್ ಆಗಬೇಕಿತ್ತು. ಆ ಬೀದಿಯಲ್ಲಿ ಹೊಸದಾಗಿ ಅಂಗಡಿ ಹಿಡಿಯಲು ಕೇಳುವ ಅಡ್ವಾನ್ಸ್ ನಮ್ಮಂಥವರು ಕಟ್ಟುವಂಥದ್ದಲ್ಲ. ಬೀದಿ ಬಿಟ್ಟು ಒಳಗೆ ಹೋದರೆ ಪಾತ್ರೆ ವ್ಯಾಪಾರ ಸತ್ತಂತೆಯೇ. ಮಾಲೂರಿನ ಕಡೆಯ ಬಸ್ಸಿಗೋ ಚಿಂತಾಮಣಿಯ ಬಸ್ಸಿಗೋ ಕಾಯುವವರು ಕಣ್ಣಿಗೆ ಬಿದ್ದದ್ದನ್ನು ಕೊಳ್ಳುತ್ತಾರೆಯೇ ಹೊರತು ಹುಡುಕಿಕೊಂಡು ಬರುವುದಿಲ್ಲ. ಮಕ್ಕಳಿಲ್ಲದ ನಮಗೆ ಬೆಳಿಗ್ಗೆ ಎದ್ದು ಹೋಗಲು ಇದ್ದದ್ದು ಆ ಅಂಗಡಿಯೊಂದೇ. ಅದು ಹೋಗಬಾರದು, ನನಗೆ ಬೇಕಾಗಿದ್ದದ್ದು ಅಷ್ಟೇ.

ಬ್ಯಾಂಕಿಗೆ ಹೋದೆವು. ಲೋನ್ ನೋಡಿಕೊಳ್ಳುವ ಆಫೀಸರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮವರ ಪ್ಯಾನ್ ನಂಬರ್ ಹಾಕಿ ನೋಡಿ, ಇವರ ಕ್ರೆಡಿಟ್ ಸ್ಕೋರ್, ಸಾಲ ತೀರಿಸುವ ನಂಬಿಕೆಗೆ ಕೊಡುವ ಅಂಕ, ತೀರಾ ಕೆಳಗಿದೆ ಎಂದಳು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಇವರ ಬಳಿ ಇದ್ದ ಒಂದು ಕಾರ್ಡಿನ ಬಾಕಿ ನಿಂತುಹೋಗಿತ್ತು. ಆಮೇಲೆ ವಸೂಲಿಯವನು ಬಂದು ಇಷ್ಟು ಕೊಟ್ಟುಬಿಡಿ, ಸೆಟಲ್ ಮಾಡಿಬಿಡೋಣ ಎಂದಿದ್ದ, ಕೊಟ್ಟಿದ್ದೆವು. ಮುಗಿಯಿತು ಎಂದುಕೊಂಡಿದ್ದೆವು. ಹಾಗೆ ಅರ್ಧಕ್ಕೆ ಸೆಟಲ್ ಮಾಡಿದ್ದೇ ಒಂದು ಕಪ್ಪುಚುಕ್ಕೆಯಂತೆ. ಹಾಗಾದರೆ ನನ್ನ ಹೆಸರಿನಲ್ಲಿ ಕೊಡಿ ಎಂದೆ. ನನ್ನ ಹೆಸರಿನಲ್ಲಿ ಅಂಗಡಿಯ ಲೈಸೆನ್ಸ್ ಇಲ್ಲ, ಸ್ಕೋರಂತೂ ಮೊದಲೇ ಇಲ್ಲ. ಯಾವತ್ತೂ ಸಾಲ ಮಾಡದವರಿಗೆ ಸ್ಕೋರ್ ಇರುವುದಿಲ್ಲ ಎಂದಳು. ಸಾಲ ಮಾಡಿ ಸಿಕ್ಕಿಬಿದ್ದ ಗಂಡನಾದರೂ ಅವರ ಕಂಪ್ಯೂಟರಿನಲ್ಲಿ ಇದ್ದ. ಯಾರಿಗೂ ಒಂದು ಬಿಡಿಗಾಸು ಉಳಿಸಿಕೊಳ್ಳದ ನಾನು ಇರಲೇ ಇಲ್ಲ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಹೆಣ್ಣುಮಗಳು ಒಳ್ಳೆಯವಳು. ದಾರಿ ಹೇಳಿಕೊಟ್ಟಳು. ಹಳೆಯ ಕಾರ್ಡಿನ ಉಳಿದ ಬಾಕಿಯನ್ನೂ ಕಟ್ಟಿ ಪೂರ್ತಿ ಮುಗಿಸಬೇಕು. ಸ್ವಲ್ಪ ದುಡ್ಡು ಎಫ್‌ಡಿ ಇಟ್ಟರೆ ಅದರ ಮೇಲೆ ಒಂದು ಸಣ್ಣ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ಅದನ್ನು ತಿಂಗಳಿಗಿಷ್ಟು ಎಂದು ಹಿತವಾಗಿ ಬಳಸಿ, ಬಿಲ್ ಬಂದ ಕೂಡಲೇ ಕಟ್ಟುತ್ತಾ ಹೋಗಬೇಕು. ಮುಖ್ಯವಾದದ್ದು ಇನ್ನೊಂದು. ಆ ಕಾರ್ಡ್ ಬಂದ ಮೇಲೆ ಆರು ತಿಂಗಳು ಬೇರೆ ಎಲ್ಲಿಯೂ ಕಾರ್ಡಿಗೆ, ಸಾಲಕ್ಕೆ ಅರ್ಜಿ ಹಾಕಬಾರದು. ಅರ್ಜಿ ಹಾಕಿದ ಕೂಡಲೇ ಆ ಬ್ಯಾಂಕಿನವರು ನಮ್ಮ ಸಾಲದ ಜಾತಕ ತರಿಸಿ ನೋಡುತ್ತಾರೆ. ಹಾಗೆ ನೋಡಿದ್ದು ಒಂದು ಗುರುತಾಗಿ ಉಳಿದುಬಿಡುತ್ತದೆ. ಕಾರ್ಡ್ ಸಿಕ್ಕರೂ ಗುರುತು, ಸಿಗದಿದ್ದರೂ ಗುರುತು. ಒಂದಾದರೆ ಪರವಾಗಿಲ್ಲ, ಮೇಲಿಂದ ಮೇಲೆ ಬಿದ್ದರೆ ಸ್ಕೋರ್ ಜಾರುತ್ತದೆ. ನಮ್ಮದನ್ನು ನಾವೇ ನೋಡಿಕೊಂಡರೆ ಮಾತ್ರ ಏನೂ ಆಗುವುದಿಲ್ಲ.

ನನಗೆ ತಕ್ಷಣ ಅರ್ಥವಾಯಿತು. ನನ್ನನ್ನು ನೋಡಲು ಗಂಡಿನವರು ಮೇಲಿಂದ ಮೇಲೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋಗುತ್ತಿದ್ದ ಕಾಲವೊಂದಿತ್ತು. ಇಷ್ಟು ಜನ ನೋಡಿಯೂ ಒಪ್ಪಿಲ್ಲ ಎಂದರೆ ಏನೋ ಐಬಿರಬೇಕು ಎಂದು ಆಮೇಲೆ ಬಂದವರು ಮೊದಲೇ ಅನುಮಾನದಿಂದ ಕೂರುತ್ತಿದ್ದರು. ಕೊನೆಗೆ ನಮ್ಮಪ್ಪ ಒಂದು ವರ್ಷ ಯಾರನ್ನೂ ಮನೆಗೆ ಕರೆಯಲೇ ಇಲ್ಲ. ಆಮೇಲೆ ಬಂದವರು ಇವರು. ಬ್ಯಾಂಕಿನಿಂದ ಬರುವಾಗ ದಾರಿಯುದ್ದಕ್ಕೂ ಇದನ್ನೇ ಹೇಳಿದೆ. ಎಲ್ಲಿಯೂ ಅರ್ಜಿ ಹಾಕಬೇಡಿ, ಯಾರು ಏನು ಕೊಡುತ್ತೇನೆಂದರೂ ಬೇಡ ಎನ್ನಿ. ಅವರು ಆಗಲಿ ಎಂದು ತಲೆಯಾಡಿಸಿದರು.

ನನ್ನ ಕರಿಮಣಿ ಸರವೊಂದು ಉಳಿಯಿತು, ಬಳೆಗಳು ಹೋದವು, ಹಳೆಯ ಬಾಕಿ ತೀರಿತು. ಆಯುಧಪೂಜೆಗೆ ಸ್ವಲ್ಪ ಮೊದಲು ಎಫ್‌ಡಿ ಮೇಲಿನ ಕಾರ್ಡ್ ಬಂತು. ಹೆಸರು ಹಾಕುವ ಮೆಷಿನ್ನಿಗೆ ಕುಂಕುಮ ಇಡುವಾಗ ಆ ಕಾರ್ಡಿಗೂ ಒಂದು ಬೊಟ್ಟು ಇಟ್ಟೆ, ನಮ್ಮವರು ನಕ್ಕರು. ಅಲ್ಲಿಂದ ಶುರುವಾಯಿತು ನನ್ನ ಕಾವಲು. ಹಾಲು, ಗ್ಯಾಸು, ಔಷಧಿ, ಸಣ್ಣಪುಟ್ಟದ್ದಕ್ಕೆ ಕಾರ್ಡ್. ಬಿಲ್ ಬಂದ ದಿನವೇ ಕಟ್ಟಿ, ಕಟ್ಟಿದ ಮೆಸೇಜನ್ನು ಎರಡು ಸಲ ಓದುತ್ತಿದ್ದೆ. ಅವರ ಫೋನಿಗೆ ಲೋನ್ ಬೇಕಾ ಸಾರ್ ಎಂದು ಕರೆ ಬಂದರೆ ಕಿತ್ತುಕೊಂಡು ನಾನೇ ಮಾತಾಡುತ್ತಿದ್ದೆ. ಅದೊಂದು ಸುಖವಾಗಿತ್ತು ನನಗೆ. ಮದುವೆ ವಯಸ್ಸಿನ ಹೆಣ್ಣನ್ನು ಮನೆಯಲ್ಲಿಟ್ಟುಕೊಂಡವರ ಹಾಗೆ ಆ ಸ್ಕೋರನ್ನು ಕಾಯುತ್ತಿದ್ದೆ.

ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದು ಅವರ ಫೋನಿನಲ್ಲಿ ಸ್ಕೋರ್ ನೋಡಿದೆ. ಏರಿತ್ತು. ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಏರಿತ್ತು. ಆ ಆಫೀಸರಿಗೆ ಫೋನ್ ಮಾಡಿದರೆ ಅವಳೂ ಖುಷಿಪಟ್ಟಳು. ಹೀಗೇ ಕೈ ಬಿಗಿ ಹಿಡಿದಿರಿ, ಶಿವರಾತ್ರಿ ಕಳೆದ ಮೇಲೆ ಬನ್ನಿ, ಯುಗಾದಿಯೊಳಗೆ ಮುಗಿಸೋಣ ಎಂದಳು. ಅವತ್ತು ನಮ್ಮವರು ಅಂಗಡಿಯೊಳಗಿನ ಖಾಲಿ ಗೋಡೆಯನ್ನು ತೋರಿಸಿ, ಅಂಗಡಿ ನಮ್ಮದಾದ ಮೇಲೆ ಅಲ್ಲಿಗೆ ಗಾಜಿನ ಶೋಕೇಸ್ ಮಾಡಿಸುತ್ತೇನೆ, ಒಳಗೆ ಲೈಟ್ ಹಾಕಿಸುತ್ತೇನೆ ಎಂದರು. ಅವರು ತಾವಾಗಿ ಏನಾದರೊಂದನ್ನು ಆಸೆಪಟ್ಟಿದ್ದನ್ನು ನಾನು ಕೇಳಿದ್ದು ಅಪರೂಪ. ಆಮೇಲೆ ನಾನು ಸ್ಕೋರ್ ನೋಡಲು ಹೋಗಲಿಲ್ಲ. ಇಡ್ಲಿ ಬೇಯುವಾಗ ಸುಮ್ಮಸುಮ್ಮನೆ ಮುಚ್ಚಳ ತೆಗೆಯುವುದು ನನ್ನ ಜಾಯಮಾನವಲ್ಲ.

ಸಂಕ್ರಾಂತಿ ಕಳೆದ ಮೇಲೆ ಪೇಟೆಯಲ್ಲಿ ಕಾರ್ಡ್ ಮಾರುವವರ ಕೊಡೆಗಳು ಎದ್ದವು. ಮಾರ್ಚಿನೊಳಗೆ ಟಾರ್ಗೆಟ್ ಮುಟ್ಟಬೇಕಲ್ಲ, ಆ ಕಾಲದಲ್ಲಿ ಅವರಿಗೆ ದೆವ್ವ ಮೆಟ್ಟಿದಂತಿರುತ್ತದೆ. ಪೆಟ್ರೋಲ್ ಬಂಕಿನ ಹತ್ತಿರ ಒಂದು, ಹೋಟೆಲಿನ ಮುಂದೆ ಒಂದು, ನಮ್ಮ ಬೀದಿಯ ತುದಿಯಲ್ಲಿ ಒಂದು. ಒಂದೊಂದು ಕೊಡೆಯ ಕೆಳಗೆ ಒಂದೊಂದು ಬ್ಯಾಂಕಿನವರು. ಬೀದಿಯ ತುದಿಯ ಕೊಡೆಯಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು, ಮೂವತ್ತು ದಾಟಿದವಳು, ಹೆಗಲಿಗೆ ಟಿಫಿನ್ ಬ್ಯಾಗು. ನನ್ನನ್ನು ಒಮ್ಮೆ ಅಕ್ಕಾ ಎಂದು ಕರೆದಳು. ನಾನು ನೋಡಿದ ನೋಟಕ್ಕೆ ಮತ್ತೆ ಕರೆಯಲಿಲ್ಲ. ನಾನು ಅಡುಗೆ ಮುಗಿಸಿ ಹನ್ನೊಂದರ ಹೊತ್ತಿಗೆ ಅಂಗಡಿಗೆ ಹೋಗುವವಳು. ಆ ಹೊತ್ತಿನಲ್ಲಿ ಕಾರ್ಡಿನವರು ಕೊಡೆ ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಶಿವರಾತ್ರಿ ಕಳೆಯಿತು. ಬ್ಯಾಂಕಿಗೆ ಹೋಗುವ ದಿನ ನಾನು ಕಾಗದಪತ್ರಗಳ ಕವರ್ ಹಿಡಿದುಕೊಂಡು ಬೆಳಿಗ್ಗೆಯೇ ಅಂಗಡಿಗೆ ಹೋದೆ. ರೇಷ್ಮೆ ಸೀರೆ ಉಟ್ಟಿದ್ದೆ, ಯಾಕೋ ಮದುವೆಗೆ ಹೊರಟವಳ ಹಾಗೆ. ಶಟರ್ ಅರ್ಧ ಎತ್ತಿತ್ತು. ಹೂವಿನ ಅಜ್ಜಿ ಮೊಳ ಹಾಕುತ್ತಿದ್ದಳು, ನಿಂಬೆಹಣ್ಣಿನವನು ಕಾಯುತ್ತಿದ್ದ. ಅವರ ಹಿಂದೆ, ಸಾಲಿನಲ್ಲಿ, ಟಿಫಿನ್ ಬ್ಯಾಗಿನ ಹೆಂಗಸು ನಿಂತಿದ್ದಳು. ಸರದಿ ಬಂದಾಗ ಫೋನ್ ಮುಂದೆ ಹಿಡಿದಳು. ನಮ್ಮವರು ತಮ್ಮ ಫೋನ್ ತೆಗೆದು, ಕನ್ನಡಕ ಮೇಲೆ ಮಾಡಿಕೊಂಡು, ಒಟಿಪಿಯ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಅವಳು ಒತ್ತಿಕೊಂಡಳು. ಆಮೇಲೆ ಆ ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು, ಹೂವಿನ ಅಜ್ಜಿ ನೋಟನ್ನು ಒತ್ತಿಕೊಳ್ಳುವ ಹಾಗೆಯೇ.

ಆ ಒಂದು ಒತ್ತಿನಲ್ಲಿ ನನಗೆ ಎಲ್ಲಾ ತಿಳಿದುಹೋಯಿತು. ನನ್ನನ್ನು ಕಂಡು ಆ ಹೆಂಗಸು ಬರ್ತೀನಿ ಅಣ್ಣ ಎಂದು ಸರಸರನೆ ಹೋದಳು. ನಮ್ಮವರು ಮಾತ್ರ ನನ್ನ ಸೀರೆ ನೋಡಿ ಚೆನ್ನಾಗಿದೆ ಎಂಬಂತೆ ನಕ್ಕರು. ಅವರ ಮುಖದಲ್ಲಿ ತಪ್ಪು ಮಾಡಿದ ನೆರಳೂ ಇರಲಿಲ್ಲ.

"ಏನ್ರೀ ಅದು?"

"ಬೋಣಿ ಕಣೆ. ಪಾಪ, ದಿನಕ್ಕಿಷ್ಟು ಅಂತ ಅರ್ಜಿ ಹಾಕಿಸ್ಬೇಕಂತೆ. ಕಾರ್ಡ್ ಬರ್ದಿದ್ರೂ ಪರವಾಗಿಲ್ಲ, ಹಾಕಿಸಿದ್ರೆ ಸಾಕಂತೆ."

"ಅರ್ಜಿ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ ನಾನು?"

"ನಾನೆಲ್ಲಿ ಕೇಳ್ದೆ ಕಣೆ ಕಾರ್ಡು? ನಂಗೆ ಬೇಡ ಅಂತ್ಲೇ ಹೇಳ್ದೆ. ಅವರು ಕೇಳಿದ್ದು ಬೋಣಿ."

ಒಂದು ಕೊಡೆಯ ಬೋಣಿಯಲ್ಲ. ಇವಳಿಗೆ ಮೊದಲ ಸಲ ಮಾಡಿಕೊಟ್ಟ ದಿನ ಅವಳಿಗೆ ಸಂಜೆಯೊಳಗೆ ಬೇಕಾದಷ್ಟು ಅರ್ಜಿ ಸಿಕ್ಕವಂತೆ. ಅವಳು ಹೋಟೆಲ್ ಮುಂದಿನ ಕೊಡೆಯವನಿಗೆ ಹೇಳಿದಳು, ಅವನು ಬಂಕಿನ ಹತ್ತಿರದವನಿಗೆ ಹೇಳಿದ. ಒಬ್ಬೊಬ್ಬರೂ ಒಂದೊಂದು ಬ್ಯಾಂಕಿನ ಅರ್ಜಿ, ಅದು ಮುಗಿದ ಮೇಲೆ ಇನ್ನೊಂದು ಕಂಪನಿಯದು. ಎಷ್ಟಾಯಿತು ಎಂದು ಕೇಳಿದೆ. ಅವರು ಬೆರಳು ಮಡಚಲು ಶುರುಮಾಡಿದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ನನ್ನ ಮುಖ ನೋಡಿ ನಿಲ್ಲಿಸಿದರು. ಆಗ, ಆಗಷ್ಟೇ, ಅವರಿಗೆ ಏನೋ ಹೊಳೆದಿರಬೇಕು. ಗಲ್ಲಾ ಹಿಡಿದುಕೊಂಡು ಕೂತರು.

ಅವರನ್ನು ಬಯ್ಯಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಜೀವಮಾನವಿಡೀ ಸಣ್ಣದಕ್ಕೆಲ್ಲ ಬೈದು ಬೈದು ದೊಡ್ಡದಕ್ಕೆ ನನ್ನ ಬಳಿ ಏನೂ ಉಳಿದಿರಲಿಲ್ಲ. ಹೂವಿನ ಅಜ್ಜಿ ನಮ್ಮಿಬ್ಬರನ್ನೂ ನೋಡಿ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಹೋದಳು.

ಆದರೂ ಬ್ಯಾಂಕಿಗೆ ಹೋದೆವು. ಹೊರಟು ನಿಂತವರು ಹೋಗದೆ ಏನು ಮಾಡುವುದು? ಆ ಹೆಣ್ಣುಮಗಳು ನಗುತ್ತಾ ಕರೆದು ಕೂರಿಸಿ, ನಂಬರ್ ಹಾಕಿ, ಪರದೆ ನೋಡಿದಳು. ನಗು ಮಾಯವಾಯಿತು. ಕೆಳಗೆ ಸರಿಸಿದಳು, ಇನ್ನೂ ಕೆಳಗೆ ಸರಿಸಿದಳು. ಸಂಕ್ರಾಂತಿಯಲ್ಲಿ ಏರಿದ್ದು ಇಳಿದು ಬಹಳ ಕೆಳಗೆ ಹೋಗಿತ್ತು. ಇಷ್ಟು ಕಡೆ ಯಾಕೆ ಹಾಕಿದಿರಿ ಎಂದು ಕೇಳಿದಳು. ದುಡ್ಡಿಗೆ ದಿಕ್ಕೆಟ್ಟು ಎಲ್ಲರ ಬಾಗಿಲೂ ತಟ್ಟುತ್ತಿದ್ದಾರೆ, ಯಾರೂ ಕೊಡುತ್ತಿಲ್ಲ, ನೋಡಿದವರಿಗೆ ಇದು ಹಾಗೆಯೇ ಕಾಣುವುದು ಎಂದಳು.

ನಾನು ಹೇಳಿದೆ. ಬೋಣಿ ಅಂದರೇನು, ಇವರ ಕೈಗುಣ ಎಂಥದು, ಹೂವಿನ ಅಜ್ಜಿ, ಕೊಡೆಗಳು, ಎಲ್ಲಾ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಯಾವುದೋ ಹಳ್ಳಿಗುಗ್ಗುಗಳ ಕಥೆ ಎಂದು ಅವಳು ನಕ್ಕಿದ್ದರೆ ಜಗಳವಾಡಿ ಎದ್ದು ಬರುತ್ತಿದ್ದೆ. ಅವಳು ನಗಲಿಲ್ಲ.

"ನಮ್ಮಪ್ಪಂದೂ ಅಂಗಡಿನೇ ಮೇಡಂ, ವಿಜಯಪುರದಲ್ಲಿ. ನಂಗರ್ಥ ಆಗುತ್ತೆ. ಆದ್ರೆ ಇದನ್ನ ಬರ್ಕೊಳ್ಳೋಕೆ ಇಲ್ಲಿ ಜಾಗ ಇಲ್ಲ."

ಇನ್ನು ಆರು ತಿಂಗಳು ಸುಮ್ಮನಿರಿ, ಮತ್ತೆ ಏರುತ್ತದೆ, ಆಮೇಲೆ ಬನ್ನಿ ಎಂದಳು. ಯುಗಾದಿಗೆ ಆರು ತಿಂಗಳಿರಲಿಲ್ಲ, ವಾರಗಳಿದ್ದವು. ಅದು ಅವಳಿಗೂ ಗೊತ್ತಿತ್ತು. ಮ್ಯಾನೇಜರ್ ಕೋಣೆಗೆ ಹೋಗಿ ಬಂದಳು, ನಮಗಾಗಿ ಕೇಳಿಕೊಂಡಿರಬೇಕು. ಬಂದು ನಮ್ಮ ಮುಂದೆ ಎರಡು ಲೋಟ ನೀರು ಇಟ್ಟಳು. ನಮ್ಮವರು ನೀರು ಕುಡಿದು, ಲೋಟವನ್ನು ತಿರುಗಿಸಿ ಅದರ ತಳ ನೋಡಿದರು. ಪಾತ್ರೆಯವರ ಅಭ್ಯಾಸ ಅದು, ಯಾವ ಕಂಪನಿಯ ಸ್ಟೀಲು ಎಂದು ನೋಡುವುದು.

ಓನರ್ ಮನೆಗೆ ಅಲ್ಲಿಂದಲೇ ಹೋದೆವು. ಮುಂದಿನ ದಸರೆಯವರೆಗೆ ತಡೆಯಿರಿ ಎಂದು ಕೇಳಿದೆವು. ಅವರು ಮಕ್ಕಳ ಕಡೆ ನೋಡಿದರು. ದೊಡ್ಡವನು ಮರ್ಯಾದೆಯಾಗಿಯೇ ಮಾತಾಡಿದ. ಯುಗಾದಿವರೆಗೆ ಕಾಯುತ್ತೇವೆ ಅಣ್ಣ, ಕೊಟ್ಟ ಮಾತು ತಪ್ಪುವುದಿಲ್ಲ, ಅದರಾಚೆಗೆ ಆಗುವುದಿಲ್ಲ, ನಮಗೂ ಅವಸರವಿದೆ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಓನರ್ ತಮ್ಮ ಕಾಲನ್ನೇ ನೋಡುತ್ತಾ ಕೂತಿದ್ದರು. ಕಾಫಿ ಕೊಟ್ಟರು, ಕುಡಿದೆವು. ಬಡ್ಡಿಯವರ ಹತ್ತಿರ ಹೋಗೋಣವೇ ಎಂದು ದಾರಿಯಲ್ಲಿ ನಮ್ಮವರು ಕೇಳಿದರು, ಬೇಡ ಎಂದೆ. ಅಂಗಡಿಯೊಂದು ಹೋಗುವುದು ಸಾಲದೇ ಎಂದೆ.

ಅದಾದ ಮೇಲೆ ನನಗೆ ಒಂದೇ ಹಂಬಲ. ಆ ಟಿಫಿನ್ ಬ್ಯಾಗಿನವಳನ್ನು ಹಿಡಿದು ಬೀದಿಯಲ್ಲಿ ನಿಲ್ಲಿಸಿ ಜನ್ಮ ಜಾಲಾಡಬೇಕು. ಅಷ್ಟರಲ್ಲಿ ನನಗೆ ಜ್ವರ ಹತ್ತಿತು, ಮಲಗಿದೆ. ಮಲಗಿದಲ್ಲೇ ಮಾತುಗಳನ್ನು ಜೋಡಿಸಿಕೊಂಡೆ. ನಿನ್ನ ಮನೆ ಹಾಳಾಗ ಎಂಬಲ್ಲಿಂದ ಶುರುಮಾಡಿ ಎಲ್ಲಿ ಮುಗಿಸಬೇಕು ಎನ್ನುವವರೆಗೆ ಎಲ್ಲಾ ಸಿದ್ಧವಾಗಿತ್ತು. ಎದ್ದು ಓಡಾಡುವಂತಾದಾಗ ಮೊದಲು ಅಲ್ಲಿಗೇ ಹೋದೆ. ಮಾರ್ಚ್ ಮುಗಿದಿತ್ತು. ಕೊಡೆ ಇರಲಿಲ್ಲ. ಗಾಳಿಗೆ ಹಾರದಿರಲಿ ಎಂದು ಕೊಡೆಯ ಕಾಲಿಗೆ ಒತ್ತಿಟ್ಟಿದ್ದ ಇಟ್ಟಿಗೆಗಳು ಮಾತ್ರ ಬಿದ್ದಿದ್ದವು. ಹೋಟೆಲಿನ ಮುಂದೆಯೂ ಇಲ್ಲ, ಬಂಕಿನ ಹತ್ತಿರವೂ ಇಲ್ಲ. ಟಾರ್ಗೆಟ್ ಮುಟ್ಟದವರನ್ನು ಬಿಡಿಸಿದರಂತೆ ಎಂದು ಹೋಟೆಲಿನವನು ಹೇಳಿದ. ಅವಳು ಯಾವ ಊರಿನವಳು ಎಂಬುದೂ ಅವನಿಗೆ ಗೊತ್ತಿರಲಿಲ್ಲ. ನಮ್ಮವರ ಬೋಣಿಯಿಂದ ಅವಳಿಗೂ ಏನೂ ದಕ್ಕಲಿಲ್ಲ. ಜೋಡಿಸಿಕೊಂಡಿದ್ದ ಬೈಗುಳವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದೆ.

ಅಂಗಡಿ ಖಾಲಿ ಮಾಡಿದೆವು. ಪಾತ್ರೆಗಳ ಗೋಣಿಚೀಲಗಳು ಮನೆಯ ಮುಂದಿನ ಕೋಣೆ ತುಂಬಿದವು. ಕೊಡಗಳನ್ನು ಒಂದರೊಳಗೊಂದು ಇಡಲಾಗದೆ ಮಂಚದ ಕೆಳಗೆ, ಅಟ್ಟದ ಮೇಲೆ ತುಂಬಿದೆವು. ಈಗಲೂ ನಮ್ಮ ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಠಣ್ ಎನ್ನುತ್ತದೆ. ಬಾಗಿಲಿಗೆ ಒಂದು ಬೋರ್ಡ್ ಹಾಕಿದೆವು. ಗಲ್ಲಿಯೊಳಗೆ ಯಾರು ಬರುತ್ತಾರೆ? ಎಲ್ಲೋ ಒಬ್ಬರು ನನ್ನನ್ನು ನೆನಪಿಟ್ಟುಕೊಂಡವರು ಬೇರೆ ಕಡೆ ಕೊಂಡ ಪಾತ್ರೆಗೆ ಹೆಸರು ಹಾಕಿಸಲು ಬರುತ್ತಾರೆ. ನಮ್ಮವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗಡಿಗೆ ಹೊರಡುವವರ ಹಾಗೆ ಶರ್ಟ್ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಗೋಣಿಚೀಲಗಳ ನಡುವೆ ಕೂರುತ್ತಿದ್ದರು.

ಅಕ್ಷಯ ತದಿಗೆಗೆ ಮೊದಲು ಒಬ್ಬ ಮನುಷ್ಯ ಹಣ್ಣಿನ ತಟ್ಟೆ ಹಿಡಿದು ಬಂದ. ನಮ್ಮ ಅಂಗಡಿಯ ಜಾಗ ಕೊಂಡವನು ಅವನೇ. ಮೊಬೈಲ್ ಅಂಗಡಿ ಹಾಕುತ್ತಿದ್ದಾನೆ. ಹೊರಗಿನಿಂದ ಬಂದವನು, ತೆಲುಗು ಬೆರೆತ ಮಾತು, ನಮ್ಮ ಕಥೆ ಏನೂ ಅವನಿಗೆ ಗೊತ್ತಿರಲಿಲ್ಲ. ಹೂವಿನ ಅಜ್ಜಿ ಹೇಳಿದ್ದಳಂತೆ. ಆ ಜಾಗದಲ್ಲಿ ಇಷ್ಟು ವರ್ಷ ನೀವೇ ಇದ್ದವರಂತೆ, ನಿಮ್ಮ ಕೈಯಿಂದಲೇ ಬೋಣಿಯಾಗಬೇಕು ಎಂದು ಕೈಮುಗಿದ. ನನಗೆ ತಟ್ಟೆಯನ್ನು ಅವನ ಮೇಲೇ ಎಸೆಯಬೇಕೆನಿಸಿತು. ಅವನು ಹೋದ ಮೇಲೆ ನಮ್ಮವರ ಮುಖ ನೋಡಿದೆ.

"ಹೋಗ್ತೀರಾ?"

"ಬೋಣಿಗೆ ಅಂತ ಮನೆ ತನಕ ಬಂದಿದಾನೆ ಕಣೆ. ಹೆಂಗೆ ಇಲ್ಲ ಅನ್ಲಿ?"

ನಾನೂ ಹೋದೆ. ಇನ್ನೆಲ್ಲಿ ಒಟಿಪಿ ಓದಿ ಹೇಳಿಬಿಡುತ್ತಾರೋ ಎಂದು ಹೋದೆ ಎಂದು ಆಮೇಲೆ ತಮಾಷೆ ಮಾಡಿದೆ. ನಿಜ ಅದಲ್ಲ. ಅವರೊಬ್ಬರನ್ನೇ ಆ ಬಾಗಿಲೊಳಗೆ ಕಳಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಗೋಡೆಗೆಲ್ಲ ಬಿಳಿ ಹಲಗೆ ಹೊಡೆಸಿದ್ದ. ನಮ್ಮವರು ತೋರಿಸಿದ್ದ ಗೋಡೆಯಲ್ಲಿ ಗಾಜಿನ ಶೋಕೇಸ್ ಬಂದಿತ್ತು, ಒಳಗೆ ಲೈಟ್ ಉರಿಯುತ್ತಿತ್ತು. ಇವರು ಅದನ್ನು ನೋಡಿದರು, ನಾನು ನೋಡಲಿಲ್ಲ. ನನ್ನ ಫೋನಿಗೊಂದು ಕವರ್ ಆರಿಸಿದರು. ದುಡ್ಡು ತೆಗೆಯಲು ಹೋದಾಗ ಅವನು, ಕಾರ್ಡಿದ್ದರೆ ಕಾರ್ಡೇ ಕೊಡಿ ಅಣ್ಣ, ಮೆಷಿನ್ನಿಗೂ ಇವತ್ತೇ ಬೋಣಿಯಾಗಲಿ ಎಂದ. ನಮ್ಮವರು ನನ್ನ ಕಡೆ ನೋಡಿದರು. ನಾನು ಪರ್ಸಿನಿಂದ ಆ ಕಾರ್ಡ್ ತೆಗೆದುಕೊಟ್ಟೆ, ಆಯುಧಪೂಜೆಯಲ್ಲಿ ಬೊಟ್ಟಿಟ್ಟಿದ್ದ ಕಾರ್ಡು. ಒಂದು ಮೂಲೆಯಲ್ಲಿ ಕುಂಕುಮದ ಕೆಂಪು ಇನ್ನೂ ಇತ್ತು. ಮೆಷಿನ್ ಒಂದು ಸಲ ಕೂಗಿ ಒಪ್ಪಿಕೊಂಡಿತು. ಅವನು ಹರಿದುಬಂದ ಚೀಟಿಯನ್ನು ಕಣ್ಣಿಗೊತ್ತಿಕೊಂಡ.

ಆರು ತಿಂಗಳು ಕಳೆದವು, ಅದಕ್ಕೂ ಹೆಚ್ಚೇ ಕಳೆದವು. ಸ್ಕೋರ್ ಏರಿದೆ. ಆ ಹೆಣ್ಣುಮಗಳು ಹೇಳಿದ್ದು ಸುಳ್ಳಾಗಲಿಲ್ಲ. ಈಗ ಅವರ ಫೋನಿಗೆ ಬ್ಯಾಂಕಿನಿಂದಲೇ ಮೆಸೇಜ್ ಬರುತ್ತದೆ, ನಿಮಗೆ ಲೋನ್ ಮಂಜೂರಾಗಿದೆ, ಒಂದು ಸಲ ಒತ್ತಿದರೆ ಸಾಕು ಎಂದು. ಏನು ಕೊಳ್ಳಲಿ ಅದರಲ್ಲಿ? ನಮಗೆ ಬೇಕಾಗಿದ್ದದ್ದು ಒಂದೇ, ಅದು ಮಾರಿಹೋಗಿದೆ. ಆದರೂ ನಾನು ಬಿಲ್ ಬಂದ ದಿನವೇ ಕಟ್ಟುತ್ತೇನೆ.

ಮೊನ್ನೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಂದಾಗ ನಮ್ಮವರು ಮುಂದಿನ ಕೋಣೆಯಲ್ಲಿ ಕೂತು ಒಂದು ತಂಬಿಗೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಆ ಮೊಬೈಲ್ ಅಂಗಡಿ ಹೇಗೆ ನಡೆಯುತ್ತಿದೆ, ನೋಡಿದೆಯಾ ಎಂದು ಕೇಳಿದರು. ಸುಳ್ಳು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಜನ, ಪಕ್ಕದ ಮಳಿಗೆಯನ್ನೂ ಅವನೇ ಹಿಡಿದಿದ್ದಾನೆ ಎಂದೆ.

"ಹೌದಾ?" ಎಂದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು. ತಲೆ ತಗ್ಗಿಸಿಕೊಂಡು, ಹಳೆಯ ಹಾಗೆಯೇ ನಕ್ಕರು.

ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ, ಯಾರೋ ಬಿಟ್ಟುಹೋಗಿದ್ದ ತಟ್ಟೆ ತೆಗೆದುಕೊಂಡು ಹೆಸರು ಹಾಕಲು ಮೆಷಿನ್ ಹಚ್ಚಿದೆ.